ಕೋರ್ಟು ಒಪ್ಪದ ಅಕ್ಕ

‘ಮ್ಯಾಮ್, ನಿಮ್ಮ ಊರಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತ ಅಪರಿಚಿತ ಹೆಂಗಸನ್ನೂ ನೀವು ಅಕ್ಕ ಎಂದೇ ಕರೆಯುತ್ತೀರಿ, ಅಲ್ಲವೇ?’

೨೦೧೪ರಲ್ಲಿ ಅಟ್ಲಾಂಟಾ ಹತ್ತಿರದ ಒಂದು ಕೋರ್ಟಿನಲ್ಲಿ, ಸಾಕ್ಷಿ ಹೇಳಲು ಕೂತಿದ್ದ ನನಗೆ ಎದುರು ಪಕ್ಷದ ವಕೀಲರು ಹಾಕಿದ ಪ್ರಶ್ನೆ ಇದು. ನಾನು ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿಯಾಗಿತ್ತು.

‘ಕರೆಯುತ್ತೇವೆ, ಆದರೆ ಅದು...’

‘ಹೌದು ಅಥವಾ ಇಲ್ಲ, ಮ್ಯಾಮ್.’

‘ಹೌದು.’

‘ತರಕಾರಿ ಮಾರುವವಳನ್ನು?’

‘ಹೌದು.’

‘ಹಾಗಾದರೆ ನಿಮ್ಮಲ್ಲಿ ಅಕ್ಕಂದಿರಿಗೆ ಬರವಿಲ್ಲ ಅನ್ನಿ,’ ಎಂದು ಅವರು ನ್ಯಾಯಾಧೀಶರ ಕಡೆ ತಿರುಗಿ ನಕ್ಕರು. ನ್ಯಾಯಾಧೀಶರೂ ನಕ್ಕರು. ಎಲ್ಲರ ಮಾತನ್ನೂ ಟೈಪ್ ಮಾಡಿಕೊಳ್ಳುತ್ತಿದ್ದ ಹೆಂಗಸು ಕೂಡ ಕೈ ನಿಲ್ಲಿಸಿ ನಕ್ಕಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ, ಇಡೀ ವ್ಯಾಜ್ಯಕ್ಕೆ ಕಾರಣಳಾದ ಅಕ್ಕ ಮಾತ್ರ ನಗಲಿಲ್ಲ. ಆಕೆಗೆ ಇದರಲ್ಲಿ ತಮಾಷೆ ಏನೆಂದು ತಿಳಿದಿರಲಿಲ್ಲ.

ನನಗೆ ಮರೆವು ಹೆಚ್ಚು. ಕಾರಿನ ಕೀ ಎಲ್ಲಿಟ್ಟೆ, ಹಾಲು ತಂದೆನೋ ಇಲ್ಲವೋ, ಯಾವುದೂ ನೆನಪಿರುವುದಿಲ್ಲ. ಆ ನಗು ಮಾತ್ರ ಇವತ್ತಿಗೂ ಹಾಗೇ ಕಿವಿಯಲ್ಲಿದೆ.

ವ್ಯಾಜ್ಯ ಹೀಗಿತ್ತು. ಬಾಗಲಕೋಟೆ ಕಡೆಯ ಒಬ್ಬ ಡಾಕ್ಟರು ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಅನಸ್ತೇಶಿಯಾ ವಿಭಾಗದಲ್ಲಿದ್ದರು. ಗಂಡ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಆಮೇಲೆ ಡಾಕ್ಟರಿಗೇ ಕಾಯಿಲೆ ಬಂತು, ಅದು ಹೆಚ್ಚು ಸಮಯ ಕೊಡಲಿಲ್ಲ. ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಹಾಸಿಗೆ ಹಿಡಿದ ಅವರು ಒಂದು ಮಧ್ಯಾಹ್ನ ಟ್ಯಾಬ್ಲೆಟ್ಟಿನಲ್ಲಿ ಇಂಗ್ಲಿಷಿನಲ್ಲಿ ಉಯಿಲು ಟೈಪ್ ಮಾಡಿದರು. ಕೆಳಗೆ ಬೆರಳಿನಿಂದ ಸಹಿ ಮಾಡಿದರು. ಇಬ್ಬರು ನರ್ಸುಗಳು ಅದೇ ಪರದೆಯ ಮೇಲೆ ಬೆರಳಿನಿಂದಲೇ ಸಾಕ್ಷಿ ಹಾಕಿದರು. ಅದರಲ್ಲಿ ಮುಖ್ಯವಾದ ಸಾಲು ಒಂದೇ: ನನ್ನ ಮಗಳ ಪಾಲಕಿಯಾಗಿ ಡರ್ಹಮ್‌ನಲ್ಲಿರುವ ನನ್ನ ಅಕ್ಕನನ್ನು ನೇಮಿಸುತ್ತೇನೆ.

ಅಕ್ಕನ ಹೆಸರು ಬರೆದಿರಲಿಲ್ಲ. ಬರೆಯಲಿಲ್ಲ ಏಕೆಂದರೆ ಆ ಹೆಸರನ್ನು ಡಾಕ್ಟರು ಜನ್ಮದಲ್ಲಿ ಬಾಯಿಂದ ಆಡಿದವರಲ್ಲ. ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡು ತಾಯಿಯ ಅಕ್ಕನ ಮನೆಯಲ್ಲಿ ಬೆಳೆದವರು. ಆ ಮನೆಯ ಹಿರಿಮಗಳೇ ಇವರ ಜಡೆ ಹೆಣೆದವಳು, ಮಗ್ಗಿ ಕಲಿಸಿದವಳು, ಈಗ ಪಕ್ಕದ ರಾಜ್ಯದ ಡರ್ಹಮ್‌ನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದವಳು. ಕನ್ನಡದಲ್ಲಿ ಇದಕ್ಕೆ ಅಕ್ಕ ಎನ್ನದೆ ಬೇರೆ ಮಾತಿಲ್ಲ. ಇಂಗ್ಲಿಷಿನಲ್ಲಿ ಅವಳು ಕಸಿನ್. ಕಾನೂನಿನ ಪ್ರಕಾರ ಡಾಕ್ಟರಿಗೆ ಅಕ್ಕ ಎಂಬುವರು ಯಾರೂ ಇರಲೇ ಇಲ್ಲ.

ಹುಡುಗಿಯ ದೊಡ್ಡಪ್ಪ, ಅಂದರೆ ತೀರಿಹೋದ ಗಂಡನ ಅಣ್ಣ, ಅಟ್ಲಾಂಟಾದಲ್ಲೇ ಒಂಟಿಯಾಗಿದ್ದರು. ಮಗು ತಮ್ಮ ಬಳಿ ಇರಬೇಕೆಂದು ಅವರು ಕೋರ್ಟಿಗೆ ಹೋದರು. ಅವರ ವಕೀಲರು ಎರಡು ತಕರಾರು ಹಾಕಿದರು. ಪರದೆಯ ಮೇಲೆ ಬೆರಳಾಡಿಸಿದ್ದು ಉಯಿಲಲ್ಲ, ಕಾಗದದ ಮೇಲಿರಬೇಕು ಎಂಬುದು ಒಂದು. ಅದರಲ್ಲಿ ಹೇಳಿರುವ ಅಕ್ಕ ಲೋಕದಲ್ಲೇ ಇಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕೊಡಲು ಕನ್ನಡವೂ ಕಾನೂನೂ ಗೊತ್ತಿರುವ ಯಾರಾದರೂ ಬೇಕೆಂದು ಅಕ್ಕನ ಕಡೆಯವರು ಕನ್ನಡ ಸಂಘದ ಈಮೇಲ್ ಗುಂಪಿನಲ್ಲಿ ಕೇಳಿದ್ದರು. ವಾಷಿಂಗ್ಟನ್ ಹತ್ತಿರದ ಹರ್ನ್‌ಡನ್‌ನಿಂದ ಹೊರಟು ಸಾಕ್ಷಿ ಹೇಳಲು ಹೋದವಳು ನಾನು. ಹೋಗಿ ಮಾಡಿದ್ದೇನು, ಮೇಲೆ ಹೇಳಿದೆನಲ್ಲ.

ಅಮೆರಿಕದಲ್ಲಿ ಆ ಹೊತ್ತಿಗೆ ಮನೆ ಕೊಳ್ಳಲು, ಸಾಲ ತೆಗೆಯಲು ಪರದೆಯ ಮೇಲಿನ ಸಹಿ ಧಾರಾಳವಾಗಿ ನಡೆಯುತ್ತಿತ್ತು. ಉಯಿಲಿಗೆ ಮಾತ್ರ ಹಳೇ ಮಡಿ. ನ್ಯಾಯಾಧೀಶರು ಎರಡೂ ತಕರಾರನ್ನು ಒಪ್ಪಿದರು, ತೀರ್ಪು ಓದುವಾಗ ಮಾತ್ರ ಮೃದುವಾಗಿಯೇ ಮಾತಾಡಿದರು. ‘ಇದನ್ನು ಬದಲಾಯಿಸುವುದು ನನ್ನ ಕೆಲಸವಲ್ಲ, ಕಾನೂನು ಬರೆಯುವವರ ಕೆಲಸ’ ಎಂದರು. ಹುಡುಗಿ ದೊಡ್ಡಪ್ಪನ ಮನೆಗೆ ಹೋದಳು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅಕ್ಕ ನನ್ನ ಕಾರಿನ ಪಕ್ಕ ನಿಂತಿದ್ದಳು.

‘ಹೌದು ಅನ್ಲೇಬೇಕಿತ್ತೇನ್ರಿ?’ ಎಂದಳು.

‘ಪ್ರಮಾಣ ಮಾಡಿದ್ದೆ ಕಣ್ರೀ. ಸುಳ್ಳು ಹೇಳೋ ಹಾಗಿರ್ಲಿಲ್ಲ.’

‘ಅದೂ ಖರೇನ ಬಿಡ್ರಿ. ಆಕಿ ನನ್ನ ಹೆಸ್ರು ಎಂದೂ ಬಾಯಾಗ ತಂದಾಕಿ ಅಲ್ಲ. ಸಾಯೋ ಹೊತ್ತಿನ್ಯಾಗೂ ಬರಿಯಾಕ ಕೈ ಬಂದಿರ್ಲಿಕ್ಕಿಲ್ಲ.’ ಆಮೇಲೆ, ‘ಇನ್ನ ಮುಂದ ಏನೂ ದಾರಿ ಇಲ್ಲೇನ್ರಿ?’ ಎಂದು ಕೇಳಿದಳು.

ದಾರಿ ಒಂದಿತ್ತು. ಆ ರಾಜ್ಯದಲ್ಲಿ ಹದಿನಾಲ್ಕು ತುಂಬಿದ ಮಗು ತನ್ನ ಪಾಲಕರು ಯಾರಾಗಬೇಕೆಂದು ತಾನೇ ಕೋರ್ಟಿಗೆ ಸೂಚಿಸಬಹುದು. ‘ಹದಿನಾಲ್ಕು ತುಂಬ್ಲಿ, ಆಗ ಮತ್ತೆ ಬರೋಣ’ ಎಂದೆ. ಆಕೆ ತಲೆ ಆಡಿಸಿ ಡರ್ಹಮ್ ಕಡೆ ಹೊರಟಳು. ಅಲ್ಲಿಂದಾಚೆ ದೊಡ್ಡಪ್ಪ ಫೋನಿನಲ್ಲಿ ಸಭ್ಯವಾಗಿಯೇ ಮಾತಾಡುತ್ತಿದ್ದರಂತೆ. ‘ಹುಡುಗಿ ಮೊದ್ಲು ಸೆಟ್ಲ್ ಆಗ್ಲಿ’ ಎನ್ನುತ್ತಿದ್ದರಂತೆ. ಸೆಟ್ಲ್ ಆಗುವುದು ಮುಗಿಯಲೇ ಇಲ್ಲ, ಅಕ್ಕನಿಗೆ ಮಗುವನ್ನು ನೋಡಲು ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಲ.

ನಾನು ಮನೆಗೆ ಬಂದು ಆ ವಕೀಲರ ಹೆಸರಿಗೆ ಕಂಪ್ಯೂಟರಿನಲ್ಲಿ ಅಲರ್ಟ್ ಹಾಕಿಕೊಂಡೆ. ಅವರು ಎಲ್ಲಿ ಭಾಷಣ ಮಾಡಿದರೂ, ಎಲ್ಲಿ ಲೇಖನ ಬರೆದರೂ ನನ್ನ ಇನ್‌ಬಾಕ್ಸಿಗೆ ಬಂದು ಬೀಳುತ್ತಿತ್ತು. ಎಲ್ಲವನ್ನೂ ಓದುತ್ತಿದ್ದೆ. ಜನರಿಗೆ ಕಾದಂಬರಿ ಓದುವ ಚಟವಿರುತ್ತದೆ, ನನಗೆ ಈ ಚಟ ಹತ್ತಿಕೊಂಡಿತು. ‘ಅವರ ಬರ್ತ್‌ಡೇನೂ ಗೊತ್ತಿರ್ಬೇಕಲ್ಲ ನಿಂಗೆ, ಒಂದು ಕಾರ್ಡ್ ಕಳ್ಸು’ ಎಂದು ನನ್ನ ಗಂಡ ಛೇಡಿಸುತ್ತಿದ್ದರು. ಬರ್ತ್‌ಡೇ ಗೊತ್ತಿತ್ತು, ಹೇಳಲಿಲ್ಲ ಅಷ್ಟೆ.

ನಾನು ಕೆಲಸ ಮಾಡುತ್ತಿದ್ದದ್ದು ವಾಷಿಂಗ್ಟನ್‌ನ ಒಂದು ಸಣ್ಣ ಸಂಸ್ಥೆಯಲ್ಲಿ. ರಾಜ್ಯಗಳು ಬೇಕಾದರೆ ತೆಗೆದುಕೊಂಡು ಜಾರಿ ಮಾಡಲಿ ಎಂದು ಮಾದರಿ ಕಾನೂನುಗಳ ಕರಡು ಬರೆದುಕೊಡುವ ಕಡೆ. ೨೦೧೭ರಲ್ಲಿ ಅಲ್ಲಿ ಉಯಿಲು ಮತ್ತು ಟ್ರಸ್ಟುಗಳ ಕಾನೂನನ್ನು ಹೊಸ ಕಾಲಕ್ಕೆ ಹೊಂದಿಸುವ ಸಮಿತಿಯೊಂದನ್ನು ಮಾಡಿದರು, ಮೊದಲ ವಿಷಯ ಇಲೆಕ್ಟ್ರಾನಿಕ್ ಉಯಿಲು. ನಾನು ಕರಡು ಸಿಬ್ಬಂದಿ. ಸಿಬ್ಬಂದಿಗೆ ಮತವಿಲ್ಲ, ಕೇಳದೆ ಮಾತಾಡುವ ಹಾಗೂ ಇಲ್ಲ. ಕೀಬೋರ್ಡ್ ಮಾತ್ರ ನಮ್ಮದು. ಸಮಿತಿಯವರು ಮೇಜಿನ ಸುತ್ತ ವಾದ ಮಾಡುತ್ತಾರೆ, ಗೋಡೆಯ ಮೇಲೆ ಕರಡು ಕಾಣುತ್ತಿರುತ್ತದೆ, ನಾವು ಅಲ್ಲೇ ತೆಗೆದ ಮಾತಿಗೆ ಗೀಟು ಎಳೆದು ಹೊಸ ಮಾತಿಗೆ ಅಡಿಗೆರೆ ಹಾಕುತ್ತಾ ಹೋಗುತ್ತೇವೆ.

ಸಲಹೆಗಾರರ ಪಟ್ಟಿ ಬಂದ ದಿನ ಅದರಲ್ಲಿ ಆ ವಕೀಲರ ಹೆಸರು ಕಂಡಿತು. ಓದಿ ನನಗೆ ಆದದ್ದು ಖುಷಿ. ಬೇಟೆ ತಾನಾಗಿಯೇ ನಮ್ಮ ಹಿತ್ತಲಿಗೆ ಬಂದಿದೆ ಎಂದುಕೊಂಡೆ.

ಮೊದಲ ಸಭೆ ವಾಷಿಂಗ್ಟನ್‌ನ ಒಂದು ಹೋಟೆಲಿನಲ್ಲಿ. ಏಸಿ ಎಷ್ಟು ತಣ್ಣಗಿತ್ತೆಂದರೆ ಎಲ್ಲರೂ ಕೋಟಿನ ಮೇಲೆ ಶಾಲು ಹೊದ್ದುಕೊಳ್ಳುವ ಹಾಗಿತ್ತು. ಅವರು ಬಂದು ಒಬ್ಬೊಬ್ಬರಿಗೂ ಕೈ ಕೊಟ್ಟರು. ನನಗೂ ಕೊಟ್ಟರು. ‘ನಿಮ್ಮನ್ನು ಭೇಟಿಯಾದದ್ದು ಸಂತೋಷ, ಮ್ಯಾಮ್’ ಎಂದರು. ಅವರ ಕಣ್ಣಿನಲ್ಲಿ ಗುರುತಿನ ಸುಳಿವೇ ಇರಲಿಲ್ಲ. ಮೂರು ವರ್ಷದಿಂದ ಈ ಮನುಷ್ಯನ ಮೇಲೆ ಹಲ್ಲು ಕಡಿಯುತ್ತಿದ್ದೇನೆ, ಇವರಿಗೆ ನನ್ನ ಮುಖವೂ ನೆನಪಿಲ್ಲ. ಅದೊಂದು ಹೊಸ ಅವಮಾನ. ಹಳೆಯದರ ಪಕ್ಕದಲ್ಲಿ ಅದನ್ನೂ ಇಟ್ಟುಕೊಂಡೆ.

ಕೆಲಸ ನಿಧಾನಕ್ಕೆ ಸಾಗಿತು. ಉಯಿಲು ಎಂದರೇನು ಎಂಬ ಒಂದು ವ್ಯಾಖ್ಯೆಗೆ ಇಡೀ ಬೆಳಗ್ಗೆ ಹೋಯಿತು. ವೀಡಿಯೋದಲ್ಲಿ ಹೇಳಿದರೆ ಸಾಕೇ? ಸಾಲದು, ಸಹಿ ಮಾಡುವ ಹೊತ್ತಿಗೆ ಅದು ಓದಲು ಬರುವ ಬರಹವಾಗಿರಬೇಕು ಎಂದು ತೀರ್ಮಾನವಾಯಿತು. ಸಾಕ್ಷಿಗಳು ಅದೇ ಕೋಣೆಯಲ್ಲಿರಬೇಕೇ, ವೀಡಿಯೋ ಕರೆಯಲ್ಲಿದ್ದರೆ ನಡೆಯುತ್ತದೆಯೇ ಎಂಬುದಕ್ಕೆ ಇನ್ನೊಂದು ದಿನ. ಕಾಗದದ ಉಯಿಲನ್ನು ರದ್ದು ಮಾಡಲು ಹರಿದರಾಯಿತು, ಪರದೆಯ ಮೇಲಿನದನ್ನು ಹರಿಯುವುದು ಹೇಗೆ? ಅಳಿಸಿದರೆ ಸಾಕೇ, ಇನ್ನೊಂದು ಪ್ರತಿ ಎಲ್ಲೋ ಉಳಿದಿದ್ದರೆ? ಸಿಟ್ಟಿನಲ್ಲಿ ಫೋನನ್ನು ನದಿಗೆ ಎಸೆದರೆ ಉಯಿಲು ರದ್ದಾಯಿತೇ ಎಂದು ಇಬ್ಬರು ಪ್ರೊಫೆಸರುಗಳು ಊಟದ ಡಬ್ಬಿ ಮುಂದಿಟ್ಟುಕೊಂಡು ಜಗಳವಾಡಿದರು. ನಾನು ಟೈಪ್ ಮಾಡುತ್ತಾ ಕಾಯುತ್ತಿದ್ದೆ.

ನಾನು ಕಾಯುತ್ತಿದ್ದದ್ದು ತಪ್ಪು ತಿದ್ದುವ ಕಲಮಿಗೆ. ಸಹಿಯಲ್ಲೋ ಸಾಕ್ಷಿಯಲ್ಲೋ ಏನಾದರೂ ಕೊರತೆ ಇದ್ದರೂ, ಸತ್ತವರು ಇದನ್ನೇ ತಮ್ಮ ಉಯಿಲೆಂದು ಉದ್ದೇಶಿಸಿದ್ದರು ಎಂಬುದಕ್ಕೆ ಬಲವಾದ ಪುರಾವೆ ಇದ್ದರೆ ಕೋರ್ಟು ಅದನ್ನು ಒಪ್ಪಬಹುದು ಎನ್ನುವ ಕಲಮು ಅದು. ಅದರ ಕೆಳಗೆ ಟಿಪ್ಪಣಿಯಲ್ಲಿ ಉದಾಹರಣೆ ಕೊಡುವುದು ರೂಢಿ. ಕರಡು ಬರೆಯುತ್ತಿದ್ದ ಪ್ರೊಫೆಸರು ಉದಾಹರಣೆ ಹುಡುಕುತ್ತಿದ್ದಾಗ ನಾನೊಂದು ಬರೆದುಕೊಟ್ಟೆ: ಆಸ್ಪತ್ರೆಯಲ್ಲಿರುವ ತಾಯಿ ಟ್ಯಾಬ್ಲೆಟ್ಟಿನಲ್ಲಿ ಬರೆಯುತ್ತಾಳೆ, ತಾಯಿಯ ಅಕ್ಕನ ಮಗಳನ್ನು ತನ್ನ ಭಾಷೆಯ ರೂಢಿಯಂತೆ ಅಕ್ಕ ಎನ್ನುತ್ತಾಳೆ. ಪ್ರೊಫೆಸರಿಗೆ ಹಿಡಿಸಿತು. ದೇಶದ ಪ್ರತಿಯೊಂದು ರಾಜ್ಯದ ಕಾನೂನು ಪುಸ್ತಕದಲ್ಲೂ ಆ ವಕೀಲರ ಗೆಲುವನ್ನು ತಪ್ಪೆಂದು ಅಚ್ಚು ಹಾಕಿಸುತ್ತೇನೆ ಎಂದು ನಾನು ಲೆಕ್ಕ ಹಾಕಿದ್ದೆ.

ಎರಡನೆಯ ಸಭೆಯಲ್ಲಿ ಅವರು ಅದರ ಮೇಲೆ ಕೈ ಇಟ್ಟರು. ಅವರಿಗೆ ಅಲ್ಲಿ ಬೇರೊಂದು ಗುರಿಯೂ ಇತ್ತು. ಉಯಿಲುಗಳನ್ನು ಜೋಪಾನ ಮಾಡಿಕೊಡುವ ಒಂದು ಸಾಫ್ಟ್‌ವೇರ್ ಕಂಪನಿಗೂ ಅವರು ಸಲಹೆಗಾರರು. ಇಂಥ ಕಂಪನಿಯ ಬಳಿ ಇಟ್ಟ ಉಯಿಲು ಮಾತ್ರ ಊರ್ಜಿತ ಎಂದಾಗಬೇಕು, ಆಸ್ಪತ್ರೆಯ ಹಾಸಿಗೆಯಲ್ಲಿ ತಾವೇ ಬೆರಳಾಡಿಸಿದ್ದು ನಡೆಯಬಾರದು ಎಂಬುದು ಅವರ ಪಟ್ಟು. ಅದು ನಡೆಯದೆ ಹೋದಾಗ ಇನ್ನೊಂದು ದಾರಿ ಹಿಡಿದರು.

‘ತಿದ್ದುವ ಕಲಮನ್ನು ಚೌಕ ಕಂಸದೊಳಗೆ ಹಾಕೋಣ’ ಎಂದರು.

ನಮ್ಮ ಕರಡುಗಳಲ್ಲಿ ಚೌಕ ಕಂಸಕ್ಕೆ ಒಂದು ಅರ್ಥವಿದೆ. ಅದರೊಳಗೆ ಹಾಕಿದ ಮಾತನ್ನು ರಾಜ್ಯಗಳು ಬೇಕಾದರೆ ಇಟ್ಟುಕೊಳ್ಳಬಹುದು, ಬೇಡದಿದ್ದರೆ ಬಿಡಬಹುದು. ಬಹುಮಟ್ಟಿಗೆ ಬಿಟ್ಟೇ ಬಿಡುತ್ತಾರೆ. ಒಂದು ಕಲಮನ್ನು ಎಲ್ಲರೆದುರು ಕೊಲ್ಲದೆ ಸದ್ದಿಲ್ಲದೆ ಸಾಯಿಸುವ ವಿಧಾನ ಅದು.

‘ಮತ್ತೆ ಈ ಉದಾಹರಣೆ’ ಎಂದು ಅವರು ಗೋಡೆಯ ಕಡೆ ಕೈ ತೋರಿಸಿದರು, ‘ಇದು ತೀರಾ ವಿಲಕ್ಷಣ. ದಕ್ಷಿಣದ ರಾಜ್ಯಗಳ ಶಾಸಕರು ಇದನ್ನು ಓದಿ ಇದು ನಮ್ಮ ಜನರ ಕಾನೂನಲ್ಲ ಎಂದುಕೊಳ್ಳುತ್ತಾರೆ. ತೆಗೆಯುವುದು ಒಳ್ಳೆಯದು.’

ತಾವೇ ನಡೆಸಿದ ಕೇಸು ಅದು ಎಂಬುದು ಅವರಿಗೆ ಹೊಳೆಯಲೂ ಇಲ್ಲ. ನನ್ನ ಮೈಯೆಲ್ಲ ಉರಿಯಿತು. ಮಾರನೆಯ ಬೆಳಗ್ಗೆ ತೀರ್ಮಾನಿಸೋಣ ಎಂದು ಅಧ್ಯಕ್ಷೆ, ಒಬ್ಬ ನಿವೃತ್ತ ನ್ಯಾಯಾಧೀಶೆ, ಸಭೆ ಮುಗಿಸಿದರು.

ಅವತ್ತು ಸಂಜೆ ಸಮಿತಿಯವರಿಗೆಲ್ಲ ಒಟ್ಟಿಗೆ ಊಟ. ಬರುವುದಿಲ್ಲ ಎನ್ನುವುದರಲ್ಲಿದ್ದೆ, ಆದರೂ ಹೋದೆ. ನನ್ನ ಎದುರಿನ ಕುರ್ಚಿಯೇ ಅವರದು. ಯಾರೋ ಅವರ ಬಾಲ್ಯದ ವಿಷಯ ಎತ್ತಿದರು. ಕೆರೊಲಿನಾದ ಹಳ್ಳಿಯೊಂದರಲ್ಲಿ ತಾವು ಬೆಳೆದದ್ದನ್ನು ಅವರು ಹೇಳತೊಡಗಿದರು. ತಾಯಿಗೆ ಹುಷಾರಿರಲಿಲ್ಲ, ಸಾಕಿದವಳು ಬಿಗ್ ಮಾಮಾ.

‘ಅಂದರೆ ಅಜ್ಜಿಯೇ?’ ಎಂದು ಪ್ರೊಫೆಸರು ಕೇಳಿದರು.

‘ಅಜ್ಜಿಯಲ್ಲ. ತಾತನ ದೂರದ ಕಸಿನ್. ರಕ್ತದ ಲೆಕ್ಕ ಹಾಕಿದರೆ ನನಗೆ ಏನೂ ಅಲ್ಲ. ಆದರೆ ಇಡೀ ಊರಿಗೆ ಅವಳು ನನ್ನ ಬಿಗ್ ಮಾಮಾ.’ ಅವರು ಫೋರ್ಕ್ ಕೆಳಗಿಟ್ಟರು. ‘ಸಾಯುವ ಮುಂಚೆ ಚರ್ಚಿನ ಹಾಡಿನ ಹಾಳೆಯ ಹಿಂದೆ ಬರೆದಿಟ್ಟಿದ್ದಳು. ಹೊಳೆಯ ಪಕ್ಕದ ಮನೆ ನನ್ನ ಹುಡುಗನಿಗೆ ಎಂದು. ಹೆಸರು ಬರೆದಿರಲಿಲ್ಲ. ಒಬ್ಬನೇ ಸಾಕ್ಷಿ. ಕಾನೂನಿನ ಪ್ರಕಾರ ಅದಕ್ಕೆ ಬೆಲೆಯಿಲ್ಲ. ಆದರೆ ಯಾರೂ ಕೋರ್ಟಿಗೆ ಹೋಗಲಿಲ್ಲ. ನನ್ನ ಹುಡುಗ ಅಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು.’

ಅವರ ಕಣ್ಣು ಒದ್ದೆಯಾಗಿತ್ತು. ಅದು ನಾಟಕವಲ್ಲ. ನನಗೆ ಮೊದಲು ಬಂದದ್ದು ಸಿಟ್ಟೇ. ನಮ್ಮಲ್ಲೂ ಎಲ್ಲರಿಗೂ ಗೊತ್ತಿತ್ತಲ್ಲ ಮಹಾಶಯರೇ ಎಂದು ಆ ಮೇಜಿನ ಮೇಲೆ ಕೈ ಬಡಿಯಬೇಕೆನ್ನಿಸಿತು. ಬಿಗ್ ಮಾಮಾ ಎಂದರೆ ದೊಡ್ಡಮ್ಮ ತಾನೇ? ಆ ಹುಡುಗಿ ಡರ್ಹಮ್‌ನ ಹೆಂಗಸನ್ನು ಕರೆಯುವುದೂ ಹಾಗೆಯೇ. ನೀರು ಕುಡಿದು ನುಂಗಿಕೊಂಡೆ. ಆಗ ತಲೆ ಓಡಿತು.

ಹುಡುಗಿಗೆ ಹದಿನಾಲ್ಕಾಗಲು ಹೆಚ್ಚು ಕಾಲವಿರಲಿಲ್ಲ. ದೊಡ್ಡಪ್ಪ ಸುಮ್ಮನಿರುವವರಲ್ಲ, ಇದೇ ವಕೀಲರನ್ನು ಕರೆತರುತ್ತಾರೆ. ಈತ ಎದ್ದು ನಿಂತು ಅದೇ ಬಸ್ಸಿನ ಪ್ರಶ್ನೆ ಕೇಳುತ್ತಾರೆ, ಅಕ್ಕನೂ ಸತ್ಯವನ್ನೇ ಹೇಳುತ್ತಾಳೆ, ಕೋರ್ಟು ಮತ್ತೆ ನಗುತ್ತದೆ. ನಾನು ಬರೆದ ಉದಾಹರಣೆ ಅಚ್ಚಾದರೂ ಅದನ್ನು ಅವರು ಒಂದು ಮಾತಿನಲ್ಲಿ ತಳ್ಳಿಹಾಕಬಲ್ಲರು, ಯಾರೋ ಗುಮಾಸ್ತೆ ಬರೆದದ್ದು ಎಂದು. ಅವರದೇ ಬಾಯಿಂದ ಬಂದದ್ದನ್ನು ತಳ್ಳಿಹಾಕುವುದು ಕಷ್ಟ.

ನನ್ನ ಉದಾಹರಣೆಯನ್ನು ನಾನೇ ಅಳಿಸುವುದೆಂದು ಅಲ್ಲೇ ತೀರ್ಮಾನಿಸಿದೆ. ಸುಲಭದ ತೀರ್ಮಾನವಲ್ಲ. ಅದನ್ನು ಬರೆಯುವಾಗ ಒಂದೊಂದು ಪದವನ್ನೂ ಚಪ್ಪರಿಸಿಕೊಂಡು ಬರೆದಿದ್ದೆ.

ಬೆಳಗ್ಗೆ ಸಭೆ ಸೇರಿದಾಗ ಅಧ್ಯಕ್ಷೆಯ ಅನುಮತಿ ಕೇಳಿದೆ. ‘ಸಿಬ್ಬಂದಿಯ ಕಡೆಯಿಂದ ಒಂದು ಸಲಹೆ. ಈ ಉದಾಹರಣೆ ವಿಲಕ್ಷಣ ಎಂಬ ಆಕ್ಷೇಪ ಸರಿಯಿರಬಹುದು. ಇದನ್ನು ತೆಗೆದು ನಿನ್ನೆ ನಮ್ಮ ಸಲಹೆಗಾರರು ಹೇಳಿದ ಬಿಗ್ ಮಾಮಾ ಪ್ರಸಂಗವನ್ನೇ ಹಾಕಿದರೆ ದಕ್ಷಿಣದ ಶಾಸಕರಿಗೆ ತಮ್ಮ ಮನೆಯದೇ ಅನ್ನಿಸುತ್ತದೆ. ಹಾಡಿನ ಹಾಳೆಯ ಬದಲು ಫೋನು ಎಂದು ಮಾಡಿಕೊಂಡರಾಯಿತು.’

ಮಹಾಶಯರ ಮುಖ ಅರಳಿತು. ‘ನೀವು ಹಾಗೆ ಮಾಡಿದರೆ ನನಗೆ ಗೌರವ, ಮ್ಯಾಮ್’ ಎಂದರು. ಪದ್ಧತಿಯ ಪ್ರಕಾರ ಯಾರಾದರೂ ಅದನ್ನು ಮಂಡಿಸಬೇಕಿತ್ತು. ‘ನಾನೇ ಮಂಡಿಸುತ್ತೇನೆ’ ಎಂದರು. ನಡಾವಳಿಯಲ್ಲಿ ಅವರ ಹೆಸರು ಸೇರಿತು.

ಎಲ್ಲರೂ ನೋಡುತ್ತಿದ್ದಂತೆ ನನ್ನ ಉದಾಹರಣೆಯ ಮೇಲೆ ಗೀಟು ಎಳೆದು ಅವರದನ್ನು ಟೈಪ್ ಮಾಡತೊಡಗಿದೆ. ಕೊನೆಗೆ ಬಂದಾಗ ಕೈ ನಿಲ್ಲಿಸಿದೆ. ‘ಸರ್, ಒಂದು ಸ್ಪಷ್ಟನೆ. ನಿಮ್ಮ ಊರಿನಲ್ಲಿ ನನ್ನ ಹುಡುಗ ಎನ್ನುವ ಮಾತನ್ನು ಬೇರೆ ಮಕ್ಕಳಿಗೂ ಅನ್ನುತ್ತಿದ್ದರೇ?’

‘ಅಯ್ಯೋ, ಚರ್ಚಿನ ಹೆಂಗಸರೆಲ್ಲ ಕಂಡಕಂಡ ಹುಡುಗರಿಗೆಲ್ಲ ಅನ್ನುತ್ತಿದ್ದರು. ಪೇಪರ್ ಹಾಕುವ ಹುಡುಗನಿಗೂ ಅನ್ನುತ್ತಿದ್ದರು.’

‘ಹಾಗಾದರೆ ಇನ್ನೊಂದು ವಾಕ್ಯ...’ ಎಂದು ಇಂಗ್ಲಿಷಿನಲ್ಲಿ ತಡವರಿಸಿದಂತೆ ನಟಿಸಿ, ಹಿಂದಿನ ರಾತ್ರಿ ಪದ ಪದ ತೂಗಿ ಇಟ್ಟುಕೊಂಡಿದ್ದ ವಾಕ್ಯವನ್ನು ಗೋಡೆಯ ಮೇಲೆ ಮೂಡಿಸಿದೆ: ಆಪ್ತತೆಯ ಮಾತೊಂದನ್ನು ಹೊರಗಿನವರಿಗೂ ಬಳಸುತ್ತಾರೆ ಎಂಬ ಕಾರಣಕ್ಕೆ ಆ ಮಾತು ಮನೆಯೊಳಗಿನ ತನ್ನ ಅರ್ಥವನ್ನು ಕಳೆದುಕೊಳ್ಳುವುದಿಲ್ಲ, ಮನೆಯವರು ಯಾವ ಅರ್ಥದಲ್ಲಿ ಬಳಸುತ್ತಿದ್ದರೋ ಅದೇ ಅರ್ಥದಲ್ಲಿ ಅದನ್ನು ಓದಬೇಕು.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

‘ತುಂಬಾ ಚೆನ್ನಾಗಿದೆ, ಮ್ಯಾಮ್. ಇದೇ ನನ್ನ ಮನಸ್ಸಿನಲ್ಲಿದ್ದದ್ದು’ ಎಂದರು.

ತಮ್ಮ ಬಿಗ್ ಮಾಮಾ ಕೂತ ಕಲಮನ್ನು ಚೌಕ ಕಂಸದೊಳಗೆ ತಳ್ಳಲು ಆಮೇಲೆ ಅವರಿಗೆ ಮನಸ್ಸಾಗಲಿಲ್ಲ. ಕಂಪನಿಯ ಪ್ರತಿನಿಧಿ ಪಕ್ಕದಿಂದ ಚೀಟಿ ಸರಿಸಿದ, ಅವರು ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಮುಂದಿನ ಸಭೆಗಳಲ್ಲಿ ಕರಡು ಎಷ್ಟೋ ಸಲ ಬದಲಾಯಿತು, ಆ ಟಿಪ್ಪಣಿ ಮಾತ್ರ ಅಲುಗಾಡಲಿಲ್ಲ. ಕೊನೆಗೆ ಎಲ್ಲ ರಾಜ್ಯಗಳವರು ಸೇರಿದ ದೊಡ್ಡ ಸಭೆಯಲ್ಲಿ ಕರಡನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಿ ಒಪ್ಪಿಕೊಂಡರು. ಕರಡುಗಳೂ ನಡಾವಳಿಗಳೂ ನಮ್ಮ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ಅಕ್ಕನ ಹೊಸ ವಕೀಲೆಗೆ ಅದರ ಲಿಂಕ್ ಕಳಿಸಿದೆ. ಜೊತೆಗೆ ಒಂದು ಮಾತನ್ನೂ ಬರೆಯಲಿಲ್ಲ.

೨೦೧೯ರಲ್ಲಿ ಹುಡುಗಿಗೆ ಹದಿನಾಲ್ಕು ತುಂಬಿತು. ಅವಳೇ ಡರ್ಹಮ್‌ಗೆ ಫೋನ್ ಮಾಡಿ ‘ದೊಡ್ಡಮ್ಮ, ನಾನು ಫೈಲ್ ಮಾಡಬಹುದಂತೆ, ಗೂಗಲ್ ಮಾಡಿದೆ’ ಎಂದಳಂತೆ. ಅದನ್ನು ಹೇಳಲೆಂದೇ ಅಕ್ಕ ನನಗೆ ಫೋನ್ ಮಾಡಿದಳು. ನಿರೀಕ್ಷಿಸಿದಂತೆ ದೊಡ್ಡಪ್ಪ ತಕರಾರು ಹಾಕಿದರು. ಶಾಲೆ, ಸ್ನೇಹಿತರು ಎಲ್ಲ ಇಲ್ಲಿದ್ದಾರೆ, ಆ ಹೆಂಗಸು ಹತ್ತಿರದ ಬಂಧುವೂ ಅಲ್ಲ ಎಂದು. ವಕೀಲರು ಅವರೇ.

ನಾನು ರಜೆ ಹಾಕಿ ಹೋದೆ. ಈ ಸಲ ಸಾಕ್ಷಿಯಾಗಿ ಅಲ್ಲ, ಹಿಂದಿನ ಬೆಂಚಿನಲ್ಲಿ ಕೂತು ನೋಡಲಿಕ್ಕೆ. ಕಾರಿಡಾರಿನಲ್ಲಿ ಅಕ್ಕನ ಪಕ್ಕ ಉದ್ದಕ್ಕೆ ಬೆಳೆದ ಹುಡುಗಿಯೊಬ್ಬಳು ನಿಂತಿದ್ದಳು.

‘ದೊಡ್ಡಮ್ಮ, ಐ ಆಮ್ ಓಕೆ. ನೀನು ನೀರು ಕುಡಿ’ ಎನ್ನುತ್ತಿದ್ದಳು.

‘ಇವ್ರು ನಮಗ ಭಾಳ ಸಹಾಯ ಮಾಡ್ಯಾರ ನೋಡು’ ಎಂದು ಅಕ್ಕ ನನ್ನನ್ನು ತೋರಿಸಿದಳು. ಹುಡುಗಿ ಸಂಕೋಚದಿಂದ ‘ಹಾಯ್ ಆಂಟಿ’ ಎಂದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣೆಲ್ಲ ಕಾರಿಡಾರಿನ ಆ ತುದಿಯಲ್ಲಿ ನಿಂತಿದ್ದ ವಕೀಲರ ಮೇಲಿದ್ದುದರಿಂದ ಇನ್ನೇನೂ ಮಾತಾಡಲಿಲ್ಲ.

ನ್ಯಾಯಾಧೀಶರು ಬದಲಾಗಿದ್ದರು, ಈ ಸಲ ಒಬ್ಬ ಹೆಂಗಸು. ಅಕ್ಕ ಸಾಕ್ಷಿ ಹೇಳಲು ಕೂತಳು. ವಕೀಲರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

‘ಮೃತರು ನಿಮ್ಮನ್ನು ಅಕ್ಕ ಎಂದು ಕರೆಯುತ್ತಿದ್ದರು. ಆದರೆ ನಿಮ್ಮಲ್ಲಿ ಅಂಗಡಿಯವಳನ್ನೂ ಅಕ್ಕ ಅನ್ನುತ್ತಾರೆ, ಅಲ್ಲವೇ ಮ್ಯಾಮ್?’

‘ಅಂತಾರ್ರಿ’ ಎಂದು ಅಕ್ಕ ಕನ್ನಡದಲ್ಲೇ ಅಂದು, ಆಮೇಲೆ ಇಂಗ್ಲಿಷಿನಲ್ಲಿ ‘ಯೆಸ್’ ಎಂದಳು.

ಅಕ್ಕನ ವಕೀಲೆ ಎದ್ದು ನಿಂತು ನಮ್ಮ ಕರಡಿನ ಒಂದು ಪುಟವನ್ನು ನ್ಯಾಯಾಧೀಶೆಗೂ ಆ ವಕೀಲರಿಗೂ ಕೊಟ್ಟಳು. ಇದು ಈ ರಾಜ್ಯದ ಕಾನೂನಲ್ಲ, ಕೋರ್ಟು ಇದಕ್ಕೆ ಬದ್ಧವೂ ಅಲ್ಲ ಎಂದು ಮೊದಲೇ ಒಪ್ಪಿಕೊಂಡಳು. ಆಮೇಲೆ ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಓದಿದಳು. ಆಪ್ತತೆಯ ಮಾತೊಂದನ್ನು ಹೊರಗಿನವರಿಗೂ ಬಳಸುತ್ತಾರೆ ಎಂಬ ಕಾರಣಕ್ಕೆ, ಎಂದು ಶುರುವಾಗುವ ವಾಕ್ಯ.

‘ಚೆನ್ನಾಗಿ ಹೇಳಿದ್ದಾರೆ’ ಎಂದರು ನ್ಯಾಯಾಧೀಶೆ. ‘ಯಾರು ಮಂಡಿಸಿದ್ದು?’

ವಕೀಲರು ಕೈಯಲ್ಲಿದ್ದ ಪುಟವನ್ನೇ ನೋಡುತ್ತಿದ್ದರು. ನಂತರ ತಲೆ ಎತ್ತಿ ಬೆಂಚುಗಳ ಕಡೆ ಕಣ್ಣಾಡಿಸಿದರು, ನಾನು ಸಿಕ್ಕಿದೆ. ಸಮಿತಿಯಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸು ಇಲ್ಲಿ ಏಕೆ ಎಂಬ ಪ್ರಶ್ನೆ ಅವರ ಮುಖದಲ್ಲಿ ಮೂಡಿತು. ಅದರ ಬೆನ್ನಿಗೇ ಐದು ವರ್ಷದ ಹಿಂದಿನ ಸಾಕ್ಷಿಯ ನೆನಪೂ ಬಂತು. ಬಂದದ್ದು ನನಗೆ ಕಾಣಿಸಿತು.

‘ನಾನೇ, ಯುವರ್ ಆನರ್’ ಎಂದರು. ‘ಇನ್ನು ಪ್ರಶ್ನೆಗಳಿಲ್ಲ.’

ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಅಷ್ಟು ಸುಖವನ್ನು ನಾನು ಪರೀಕ್ಷೆ ಪಾಸಾದಾಗಲೂ ಪಟ್ಟಿರಲಿಲ್ಲ. ಒಬ್ಬ ಮನುಷ್ಯ ತನ್ನನ್ನು ಸಾಕಿದವಳ ನೆನಪನ್ನು ನಂಬಿಕೆಯಿಂದ ಮೇಜಿನ ಮೇಲಿಟ್ಟಿದ್ದ, ನಾನು ಅದನ್ನೇ ಎತ್ತಿಕೊಂಡು ಚುಚ್ಚಿದ್ದೆ. ಪಶ್ಚಾತ್ತಾಪ ಆಗುತ್ತದೇನೋ ಎಂದು ಕಾದು ನೋಡಿದೆ. ಆಗಲಿಲ್ಲ.

ನ್ಯಾಯಾಧೀಶೆ ಹುಡುಗಿಯನ್ನು ಹತ್ತಿರ ಕರೆದು ಕೂರಿಸಿಕೊಂಡರು. ಶಾಲೆ, ಗೆಳತಿಯರು, ಊರು ಬಿಡುವುದು, ಎಲ್ಲ ಕೇಳಿದರು. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಉತ್ತರ ಕೊಟ್ಟಳು. ದೊಡ್ಡಪ್ಪ ಚೆನ್ನಾಗಿಯೇ ನೋಡಿಕೊಂಡರು, ಅವರ ಮೇಲೆ ದೂರಿಲ್ಲ, ಆದರೆ ದೊಡ್ಡಮ್ಮನ ಜೊತೆ ಇರಬೇಕು ಎಂದಳು. ನ್ಯಾಯಾಧೀಶೆ ಕಡತದ ಪುಟ ತಿರುವಿದರು.

‘ಹೋದ ಸಲ ಇದೇ ಕೋರ್ಟಿನಲ್ಲಿ ನಿನ್ನ ಅಭಿಪ್ರಾಯ ಏನಿತ್ತು? ಇಲ್ಲಿ ದಾಖಲಾಗಿಲ್ಲ.’

‘ನನ್ನನ್ನು ಯಾರೂ ಕೇಳಲಿಲ್ಲ’ ಎಂದಳು ಹುಡುಗಿ. ‘ಆಮೇಲೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂಬತ್ತು ವರ್ಷಕ್ಕೂ ಇದನ್ನೇ ಹೇಳುತ್ತಿದ್ದೆ.’

ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದಳು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. ದೊಡ್ಡಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹೊರಗಿನ ಕಾರಿಡಾರಿನಲ್ಲಿ ಗಂಟೆಯ ಹಿಂದೆ ಅವಳು ಹಾಯ್ ಆಂಟಿ ಎಂದಿದ್ದಳು, ನಾನು ಅವಳ ತಲೆಯ ಮೇಲಿಂದ ಬೇರೆಯವರನ್ನು ನೋಡುತ್ತಿದ್ದೆ.

ಸಂಜೆಯ ಹೊತ್ತಿಗೆ ಆದೇಶವಾಗಿ ಅವಳು ಡರ್ಹಮ್‌ಗೆ ಹೊರಟಳು. ಯಾರೂ ಕೇಳಲಿಲ್ಲ ಎಂದು ಅವಳು ಹೇಳಿದ ಕೂಡಲೇ ವಕೀಲರು ತಲೆ ತಗ್ಗಿಸಿದರು, ಬಹಳ ಹೊತ್ತು ಮೇಲೆ ಎತ್ತಲೇ ಇಲ್ಲ ಎಂದು ಅಕ್ಕ ಆಮೇಲೆ ಫೋನಿನಲ್ಲಿ ಹೇಳಿದಳು. ಅದನ್ನು ಕಣ್ಣಾರೆ ನೋಡಬೇಕೆಂದೇ ನಾನು ಅಷ್ಟು ದೂರ ಹೋದವಳು. ಆದರೆ ಆ ಹೊತ್ತಿಗೆ ನನ್ನ ತಲೆಯೂ ತಗ್ಗಿತ್ತು, ನೋಡಲಾಗಲಿಲ್ಲ.